ನೆಟೆ ಬಿದ್ದ ತೊಗರಿಯೂ ಸೊಸೆಯ ಕೈಗುಣವೂ

ನಮ್ಮ ಅತ್ತೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಏನೇ ಕೆಟ್ಟರೂ ಅದಕ್ಕೆ ಒಬ್ಬ ಹೆಣ್ಣುಮಗಳು ಕಾರಣವಾಗಿರಬೇಕಿತ್ತು. ಹಾಲು ಒಡೆದರೆ ಕಾಸಿದವಳು, ಎಮ್ಮೆ ಒದ್ದರೆ ಹಿಂಡಲು ಕೂತವಳು, ಮಳೆ ತಪ್ಪಿದರೆ ಹಿಂದಿನ ದಿನ ಕೂದಲು ಬಿಟ್ಟುಕೊಂಡು ಅಂಗಳದಲ್ಲಿ ನಿಂತವಳು. ಗಂಡಸರ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ನನ್ನ ಮೈದುನ ಒಮ್ಮೆ ಬೀಡಿ ಸೇದಿ ಎಸೆದು ಜೋಳದ ಕಣಿಕೆಯ ಬಣವೆಗೆ ಬೆಂಕಿ ಹತ್ತಿಸಿದ. ಆಗಲೂ ಅತ್ತೆ ನನ್ನ ಕಡೆ ತಿರುಗಿ, "ಬೀಡಿ ಹಚ್ಚಾಕ ಒಲ್ಯಾಗಿನ ಕೆಂಡ ಕೊಟ್ಟಾಕಿ ಯಾರಬೇ?" ಎಂದು ಕೇಳಿದ್ದಳು. ಕೊಟ್ಟವಳು ನಾನೇ, ನಿಜ. ಆದರೂ ಅನ್ಯಾಯಕ್ಕೆ ಒಂದು ಮಿತಿ ಬೇಡವೆ?

"ನಾವು ಶರಣರ ಮಂದಿ, ನಮಗ ಶಕುನ ಗಿಕುನ ಏನಿಲ್ಲ" ಎಂದು ಬಂದವರ ಮುಂದೆಲ್ಲ ಹೇಳುವಳು. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಅದೇ ಹೆಂಗಸು ಹೊಲಕ್ಕೆ ಹೊರಟಾಗ ಬೆಕ್ಕು ಅಡ್ಡ ಬಂದರೆ ಹಿಂದಿರುಗಿ ಬಂದು ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಬೆಕ್ಕು ಮರೆತಿರಬಹುದು ಅನ್ನಿಸಿದ ಮೇಲೆ ಮತ್ತೆ ಹೊರಡುವಳು. ಯಾಕೆ ಬಂದಿರಿ ಎಂದು ಕೇಳಿದರೆ, ಕಾಲು ನೋಯುತ್ತಿತ್ತು ಎನ್ನುವಳು.

ನಾನು ಆಳಂದ ಕಡೆಯವಳು. ಕೊಟ್ಟದ್ದು ಜೇವರ್ಗಿ ತಾಲ್ಲೂಕಿನ ಒಂದು ಊರಿಗೆ. ಅಲ್ಲಿಯೂ ಕಪ್ಪು ಮಣ್ಣು, ಇಲ್ಲಿಯೂ ಕಪ್ಪು ಮಣ್ಣು. ಅಲ್ಲಿಯೂ ತೊಗರಿ, ಇಲ್ಲಿಯೂ ತೊಗರಿ. ಮದುವೆಯಿಂದ ನನಗೆ ಹೊಸದಾಗಿ ಸಿಕ್ಕಿದ್ದು ಅತ್ತೆ ಒಬ್ಬಳೇ. ಮನೆಗೆ ಎರಡು ಹೊಲ ಇದ್ದವು. ಒಂದು ಹಳ್ಳದ ದಂಡೆಯದು, ಇನ್ನೊಂದು ದೊಡ್ಡ ಹೊಲ, ತೀರಿಹೋದ ಮಾವನವರ ಗದ್ದುಗೆ ಇರುವಂಥದ್ದು. ಹಳ್ಳದ ಹೊಲದಲ್ಲಿ ವರ್ಷವೂ ತೊಗರಿಗೆ ನೆಟೆ ಬೀಳುತ್ತಿತ್ತು. ನೆಟೆ ಎಂದರೆ ಗಿಡ ಹೂವು ಕಾಯಿ ಹಿಡಿಯುವ ಹೊತ್ತಿಗೆ ಸರಿಯಾಗಿ, ನಿಂತ ನಿಲುವಿನಲ್ಲೇ ಬಾಡಿ ಒಣಗುವ ರೋಗ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆ ಹೊಲದ ಹಣೆಬರಹವೇ ಅಷ್ಟು ಎಂದು ಬಿಟ್ಟಿದ್ದರು.

ಬಿಟ್ಟಿದ್ದರು ಎಂದರೆ ಹೊಲವನ್ನು, ಒಣಗಿದ ಗಿಡವನ್ನಲ್ಲ. ನಮ್ಮ ಅತ್ತೆ ಏನನ್ನೂ ಬಿಡುವ ಪೈಕಿ ಅಲ್ಲ. ನೆಟೆ ಬಿದ್ದ ಗಿಡಗಳನ್ನು ಬೇರು ಸಮೇತ ಕಿತ್ತು ಮನೆಗೆ ತರಿಸುವಳು. ಗಟ್ಟಿ ಕಟ್ಟಿಗೆ ನನ್ನ ಒಲೆಗೆ, ತುದಿಯ ಸೊಪ್ಪು ದನಗಳ ಮುಂದಕ್ಕೆ, ಉರಿಯದ ಬುಡ ಬೇರು ಎಲ್ಲ ತಿಪ್ಪೆಗೆ. ಆ ತಿಪ್ಪೆಯ ಮೇಲೆ ಆಕೆಗಿದ್ದ ಅಭಿಮಾನ ನನ್ನ ಗಂಡನ ಮೇಲೂ ಇರಲಿಲ್ಲ. ಬೀಗರು ಬಂದರೆ ಮೊದಲು ತಿಪ್ಪೆ ತೋರಿಸಿ, ಆಮೇಲೆ ಮನೆ ತೋರಿಸುವಳು. "ಸುತ್ತ ಹತ್ತು ಹಳ್ಳ್ಯಾಗ ಇಂಥ ತಿಪ್ಪಿ ಇದ್ರ ಹೇಳ್ರಿ!" ಬಂದವರು ಮೂಗು ಮುಚ್ಚಿಕೊಂಡೇ ಹೌದ್ರಿ ಹೌದ್ರಿ ಎನ್ನುವರು.

ಎಂಬತ್ತರ ದಶಕದ ನಡುವೆ ಮೈದುನನ ಮದುವೆ ಆಯಿತು. ಹುಡುಗಿ ಅಫಜಲಪುರ ತಾಲ್ಲೂಕಿನವಳು, ಘತ್ತರಗಿಯ ಆಚೆ ಭೀಮಾ ದಂಡೆಯ ಊರು. ಅನುಕೂಲಸ್ಥರ ಮನೆ. ನಕ್ಕರೆ ಓಣಿಯ ಆ ತುದಿಗೆ ಕೇಳಬೇಕು, ಹಾಗೆ ನಗುವಳು. ಬಂದ ವಾರದಲ್ಲೇ ಅತ್ತೆಯ ಬೆಕ್ಕಿನ ಗುಟ್ಟು ಕಂಡುಹಿಡಿದು, "ಯಕ್ಕಾ, ಆ ಬೆಕ್ಕಿಗಿ ಹಾಲು ಹಾಕಿ ಬಾಗಲಾಗೇ ಇಟಗೋಳೂಣು, ಅತ್ತಿ ಹೊಲಕ್ಕ ಹೋಗೂದೇ ಬ್ಯಾಡ" ಎಂದಳು. ಅವತ್ತೇ ನನಗೆ ಈ ನೆಗೆಣ್ಣಿ ಇಷ್ಟವಾಗಿಬಿಟ್ಟಳು. ಇಷ್ಟು ವರ್ಷ ನಾನು ಒಬ್ಬಳೇ ಒಳಗೊಳಗೇ ನಗುತ್ತಿದ್ದೆ, ಈಗ ಜೊತೆ ಸಿಕ್ಕಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸ ಸೊಸೆ ಬಂದ ವರ್ಷ ಬಿತ್ತನೆಯ ಮೊದಲ ಹಿಡಿ ಬೀಜವನ್ನು ಕೂರಿಗೆಯ ಬಟ್ಟಲಿಗೆ ಆಕೆಯೇ ಹಾಕಬೇಕು. ನಾನು ಬಂದಾಗ ನನ್ನಿಂದ ಹಳ್ಳದ ಹೊಲದಲ್ಲಿ ಹಾಕಿಸಿದ್ದರು; ನನ್ನ ತವರಿನ ತೂಕಕ್ಕೆ ಅಷ್ಟೇ ಸಾಕು ಅನ್ನಿಸಿರಬೇಕು. ಆ ಹೊಲ ಮೊದಲೇ ಕೆಟ್ಟದ್ದಾದ್ದರಿಂದ ನನ್ನ ಕೈ ಬಚಾವಾಯಿತು. ಸಣ್ಣವಳದು ದೊಡ್ಡ ಮನೆತನ, ಹಾಗಾಗಿ ದೊಡ್ಡ ಹೊಲ. ಅತ್ತೆಯ ಉಮೇದು ನೋಡಬೇಕಿತ್ತು! "ಹೊಸ ಸೊಸಿ ಕೈ ಹಾಕೋ ಹೊಲ, ಬಂಗಾರ ಬೆಳೀಬೇಕು" ಎಂದು ಬೇಸಿಗೆಯೆಲ್ಲ ತಿಪ್ಪೆ ಕಡಿಸಿದಳು. ವರ್ಷಾನುಗಟ್ಟಲೆ ಕಾಯ್ದಿಟ್ಟ ಆ ತಿಪ್ಪೆ ಮೈದುನನ ಬಂಡಿಯಲ್ಲಿ ಹೇರಿಕೊಂಡು ದೊಡ್ಡ ಹೊಲ ಸೇರಿತು. ಅವನು ಅಲ್ಲೊಂದು ಇಲ್ಲೊಂದು ಗುಂಪಿ ಸುರಿದು ಬಂದ. ಹರಡುವ ಕೆಲಸ ಆಮೇಲೆ ಮಾಡಿದರು, ಅರ್ಧಂಬರ್ಧ. ಮೃಗಶಿರಾ ಮಳೆ ಬಿತ್ತು. ನೆಗೆಣ್ಣಿ ಹಸಿರು ಸೀರೆ ಉಟ್ಟು ಬಂದು, ಕೂರಿಗೆಗೆ ಕುಂಕುಮ ಹಚ್ಚಿ, ಮೊದಲ ಹಿಡಿ ಹಾಕಿದಳು. ಅತ್ತೆ ಆಕೆಯ ದೃಷ್ಟಿ ತೆಗೆದು ಲಟಕಿ ಮುರಿದಳು.

ತೊಗರಿ ಎಷ್ಟು ಚೆಂದ ಎದ್ದಿತೆಂದರೆ, ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಸೀಗೆ ಹುಣ್ಣಿಮೆಗೆ ಹಳದಿ ಹೂವು. ದೀಪಾವಳಿ ಕಳೆಯಿತೋ ಇಲ್ಲವೋ, ಒಂದು ಬೆಳಿಗ್ಗೆ ಒಂದು ಗಿಡದ ಒಂದೇ ಕೊಂಬೆ ತಲೆ ಬಗ್ಗಿಸಿತ್ತು. ಮಿಕ್ಕ ಕೊಂಬೆಗಳು ನಮಗೇನೂ ಗೊತ್ತಿಲ್ಲ ಎಂಬಂತೆ ಹಸಿರಾಗಿಯೇ ಇದ್ದವು. ಎರಡು ಮೂರು ದಿನದಲ್ಲಿ ಇಡೀ ಗಿಡ ಬಾಡಿತು, ಆಮೇಲೆ ಪಕ್ಕದ್ದು. ಬುಡದಲ್ಲಿ ಮಣ್ಣು ಕೆದರಿ ನೋಡಿದರೆ ಹಸಿ ಇದೆ, ಉಂಡೆ ಕಟ್ಟಬಹುದು. ಗಿಡ ಮಾತ್ರ ನೀರು ಕಾಣದಂತೆ ಒಣಗಿದೆ. ತಿಂಗಳೊಳಗೆ ಹೊಲದ ತುಂಬ ಅಲ್ಲಲ್ಲಿ ದುಂಡಗೆ ಒಣ ತೊಗರಿ, ಎಲೆ ಉದುರಿಸದೆ ನಿಂತದ್ದು. ಗಾಳಿ ಬಂದರೆ ಗಲಗಲ ಎನ್ನುತ್ತಿತ್ತು.

ಊರಿಗೆ ಊರೇ ವೈದ್ಯರಾದರು. ಒಬ್ಬರು ಗಾಣಗಾಪುರದ ಭಸ್ಮ ತಂದು ಹೊಲದ ನಾಲ್ಕು ಮೂಲೆಗೆ ಹಾಕಿ ಎಂದರು, ಹಾಕಿದೆವು. ಅತ್ತೆ ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತಳು. ಶರಣರ ಮಂದಿಗೂ ತುರ್ತಿನಲ್ಲಿ ಒಬ್ಬ ದೇವಿ ಬೇಕಾಗುತ್ತಾಳೆ. ಜೇವರ್ಗಿಯ ಔಷಧದ ಅಂಗಡಿಯವ ನನ್ನ ಗಂಡನಿಗೆ ಘಾಟು ವಾಸನೆಯ ಒಂದು ಡಬ್ಬಿ ಕೊಟ್ಟು ಕಳಿಸಿದ. ಅದನ್ನು ಹೊಡೆದಾಗ ಕಾಯಿಕೊರಕ ಹುಳ ಸತ್ತವು, ಪಾಪ, ಆ ವರ್ಷ ಅವು ಏನೂ ಮಾಡಿರಲಿಲ್ಲ. ನೆಟೆ ತನ್ನ ಪಾಡಿಗೆ ತಾನು ಮುಂದುವರಿಯಿತು.

ಇಷ್ಟಾದ ಮೇಲೆ ಅತ್ತೆಗೆ ತನ್ನ ಹಳೆಯ ಲೆಕ್ಕ ನೆನಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, "ಈ ಹೊಲಕ್ಕ ನನ್ನ ಗಂಡ ಇದ್ದಾಗಿಂದ ನೆಟೆ ಅನ್ನೋದು ಗೊತ್ತಿದ್ದಿಲ್ಲ. ಈ ವರ್ಷ ಯಾರ ಕೈ ಬಿದ್ದದ ನೋಡ್ರಿ" ಎಂದಳು. ಅಷ್ಟೇ ಸಾಕಾಯಿತು. ಓಣಿಯ ಹೆಂಗಸರು ಬಾವಿಯ ಹತ್ತಿರ ಅದನ್ನು ಜಗಿದು ಜಗಿದು ರಸ ತೆಗೆದರು. ಕೈಗುಣ ಸರಿಯಿಲ್ಲದ ಸೊಸೆ. ಎಳ್ಳ ಅಮಾವಾಸ್ಯೆಗೆ ಹೊಲದ ಪೂಜೆ ಮಾಡಿ, ಬೆಳೆಯ ನಡುವೆ ನಡೆಯುತ್ತ ಎಡೆಯ ಅಡಿಗೆಯನ್ನು ಚರಗ ಎಂದು ಚೆಲ್ಲಬೇಕಲ್ಲ. ಆ ಹೊತ್ತಿಗೆ ಈಕೆ ಊರಲ್ಲಿ ಇರಬಾರದು ಎಂದು ಅತ್ತೆ ಗೊತ್ತು ಮಾಡಿದಳು. ಬಂದು ಕರೆದುಕೊಂಡು ಹೋಗಿ ಎಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಬೀಗರಿಗೆ ಹೇಳಿ ಕಳಿಸಿದಳು.

"ರಾಶಿ ಮುಗಿಯೋತನ ಅಷ್ಟ. ಆಮ್ಯಾಲ ಕರಸಿಕೋತೀವಿ" ಎಂದಳು. ಆ ಮಾತಿನ ಅರ್ಥ ನಮ್ಮ ಕಡೆ ಹಸುಗೂಸಿಗೂ ಗೊತ್ತು. ಹಾಗೆ ಹೋದವರನ್ನು ಕರೆಸಿದ್ದು ಕಡಿಮೆ. ಒಂದು ವರ್ಷಕ್ಕೆ ಗಂಡನಿಗೆ ಇನ್ನೊಂದು ಹುಡುಗಿ ನೋಡಲು ಶುರುವಾಗುತ್ತದೆ. ನನ್ನ ಮೈದುನ, ಆ ಗಂಡುಗಲಿ, ಏನು ಮಾಡಿದ ಗೊತ್ತೆ? ಹೆಂಡತಿಯ ಟ್ರಂಕನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಪಡಸಾಲೆಯಲ್ಲಿ ಇಟ್ಟ. ನನ್ನ ಗಂಡ, "ಅವ್ವ ಹೇಳ್ಯಾಳಂದ್ರ ಏನರ ಇರ್ತದ" ಎಂದು ಪಂಚೆ ಕೊಡವಿಕೊಂಡು ಎದ್ದುಹೋದ. ಇಂಥವರಿಗೆ ನಾವು ದಿನಾ ರೊಟ್ಟಿ ಬಡಿಯುತ್ತಿದ್ದೆವು.

ನನಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕಲ್ಲ. ಆ ಹುಡುಗಿ ಅದನ್ನು ನಂಬಿಬಿಟ್ಟಿದ್ದಳು. ಒಂದು ದಿನ ಅಡಿಗೆಮನೆಯಲ್ಲಿ ಹಿಟ್ಟಿನ ಮುಂದೆ ಕೂತಿದ್ದಾಳೆ, ಕೈ ಎರಡೂ ಮಡಿಲಲ್ಲಿ. "ಯಕ್ಕಾ, ಉಪ್ಪು ನೀನೇ ಹಾಕು. ನಾ ಹಾಕಿದ್ರ ಏನರ ಆದೀತು" ಎಂದಳು. ಆಮೇಲೆ ಉಪ್ಪಿನಕಾಯಿಯ ಗಡಿಗೆ ಮುಟ್ಟುವುದನ್ನು ಬಿಟ್ಟಳು, ಹಾಲಿಗೆ ಹೆಪ್ಪು ಹಾಕುವುದನ್ನು ಬಿಟ್ಟಳು. ಎಮ್ಮೆಯ ಕರುವನ್ನು ಸವರುತ್ತಿದ್ದವಳು ದೂರ ನಿಂತು ನೋಡತೊಡಗಿದಳು. ನಗುವಂತೂ ಎಂದೋ ನಿಂತಿತ್ತು. "ನಿನ್ನ ಕೈಗಿ ಏನಾಗ್ಯದಬೇ ಹುಚ್ಚಿ? ಐದು ಬೆರಳು ಬರೋಬ್ಬರಿ ಅವ" ಎಂದು ಬೈದೆ. ಆಕೆ ಅಳಲೂ ಇಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಬೆಳೆ ನೋಡಿ ಸಲಹೆ ಕೊಡಲು ಸರಕಾರದ ಕಡೆಯಿಂದ ಊರಿಗೆ ಒಬ್ಬ ಗ್ರಾಮಸೇವಕ ಬರುತ್ತಿದ್ದ. ಹೊಸ ಹುಡುಗ, ಸೈಕಲ್ಲಿನ ಮೇಲೆ ಬರುವುದು, ಚಾವಡಿಯಲ್ಲಿ ಚಹಾ ಕುಡಿಯುವುದು, ಗೌಡರ ಹೊಲ ನೋಡುವುದು, ಹೋಗುವುದು. ನಾನು ಹಾಗೆ ಬೈದ ಮರುದಿನ ಅವನು ಬಂದಾಗ ಸೈಕಲ್ಲಿನ ಕ್ಯಾರಿಯರ್ ಗಟ್ಟಿಯಾಗಿ ಹಿಡಿದು ನಿಂತೆ. "ಆ ತರಫ್ ಮುಂದಿನ ವಾರ ಬರ್ತೇನ್ರಿ ಅಕ್ಕಾರ" ಎಂದ. "ಮುಂದಿನ ವಾರ ಬಂದು ಏನು ನೋಡ್ತೀರಿ, ಕಟ್ಟಿಗಿನ? ಈಗ ನಡೀರಿ, ಇಲ್ಲಾಂದ್ರ ಸೈಕಲ್ ಇಲ್ಲೇ ಇರ್ತದ" ಎಂದೆ. ಚಾವಡಿಯ ಮುದುಕರೆಲ್ಲ ನನ್ನನ್ನೇ ನೋಡುತ್ತಿದ್ದರು, ನೋಡಲಿ. ಹುಡುಗ ಬಂದ. ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತ್ತು. ಹೊಲಕ್ಕೆ ಹೋಗುವಷ್ಟರಲ್ಲಿ ಅತ್ತೆ ಆಗಲೇ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಸರಕಾರ ಸುಳ್ಳು ಹೇಳುವುದನ್ನು ಕಣ್ಣಾರೆ ನೋಡಬೇಕಿತ್ತಲ್ಲ. ಮೈದುನನೂ ಇದ್ದ. ಸಣ್ಣವಳನ್ನು ನಾನೇ ಕೈಹಿಡಿದು ಎಳೆದುಕೊಂಡು ಹೋಗಿದ್ದೆ. ಆಕೆಯನ್ನು ಕರೆದೊಯ್ಯಲು ಅವರಪ್ಪ ಬರುವುದು ಮರುದಿನ.

ಗ್ರಾಮಸೇವಕ ಬಾಡುತ್ತಿದ್ದ ಒಂದು ಗಿಡ ಕಿತ್ತ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ ಏರಿತ್ತು. ಚಾಕುವಿನಿಂದ ಸಿಪ್ಪೆ ಸುಲಿದ. ಒಳಗೆ ಬಿಳಿ ಕಟ್ಟಿಗೆಯಲ್ಲಿ ಕಪ್ಪು ಗೆರೆ, ಕಾಡಿಗೆಯ ಬೆರಳು ಎಳೆದ ಹಾಗೆ.

"ಇದು ಬೂಷ್ಟುರಿ" ಎಂದ. "ನಿಮ್ಮ ತಂಗಳ ರೊಟ್ಟಿಗಿ ಹತ್ತತದಲ್ಲ, ಅದರ ಅಣ್ಣತಮ್ಮ. ಸತ್ತ ಗಿಡದ ಬೇರಿನಾಗ ವರ್ಷಾನುಗಟ್ಲೆ ಮಲಗಿರ್ತದ. ಹಸಿ ಬೇರು ಮಣ್ಣಾಗ ಬೆವರಿದಂಗ ಸಿಹಿ ಬಿಡ್ತದ. ಆ ಸಿಹಿಗಿ ಇದು ಎದ್ದು, ಎಳೀ ಬೇರಿನ ತುದಿ ನೋಡಿ ಒಳಗ ತೂರ್ತದ."

"ಗಿಡ ಸುಮ್ಮ ಕೂಡ್ತದೇನು?" ಎಂದು ನಾನು ಕೇಳಿದೆ. ನಾನಾಗಿದ್ದರೆ ಕೂಡುತ್ತಿರಲಿಲ್ಲ.

"ಇಲ್ರಿ ಅಕ್ಕಾರ, ಹೊಡದಾಡ್ತದ. ಅಡ್ಡ ಗ್ವಾಡಿ ಕಟ್ತದ. ಇದು ಗ್ವಾಡಿ ಕರಗಸೋ ರಸ ಬಿಟಗೋತ ಹೋಗ್ತದ. ನಡುವ ನೀರೇರೋ ಕೊಳವಿ ಸಿಕ್ತಂದ್ರ ಮುಗೀತು. ಆ ನೀರಿನಾಗ ತನ್ನ ಬೀಜ ತೇಲಿಸಿ ಮ್ಯಾಲ ಕಳಸ್ತದ. ಆಗ ಗಿಡಕ್ಕ ಗಾಬರಿ ಆಗ್ತದ. ವೈರಿ ಮ್ಯಾಲ ಬರಬಾರ್ದಂತ ಅಂಟು ತುಂಬಿ ತನ್ನ ಕೊಳವಿ ತಾನೇ ಬಂದ್ ಮಾಡ್ಕೋತದ. ಖರೇ ಅಂದ್ರ ವೈರಿ ಆಗಲೇ ಮ್ಯಾಲ ಹೋಗಿರ್ತಾನ, ನಿಲ್ಲೂದು ನೀರು ಅಷ್ಟ. ಬುಡದಾಗ ಹಸಿ ಇದ್ದೂ ಗಿಡ ನೀರಡಿಸಿ ಸಾಯ್ತದ. ಅರ್ಧ ಬೂಷ್ಟು ಕೊಲ್ತದ, ಇನ್ನರ್ಧ ಅದು ತನ್ನ ಕೈಲೆ ತಾ ಸಾಯ್ತದ."

ನಾನು ಪಕ್ಕದಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದೆ. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಮೈದುನ ಬಾಯಿ ತೆರೆದು ಕೇಳುತ್ತಿದ್ದ.

ಅತ್ತೆ ಸೋಲುವ ಪೈಕಿಯೇ? "ಎಲ್ಲಾ ಖರೇ ಸಾಹೇಬ್ರ. ಆದ್ರ ಈ ಬೂಷ್ಟು ಈ ಹೊಲಕ್ಕ ಯಾರ ಕೈಲೆ ಬಂತು? ತಾನೇ ಹಾದಿ ಕೇಳಕೋತ ನಡದು ಬಂತೇನು?" ಎಂದಳು. ಮಾತಿಗೆ ಮಾತು, ಒಳ್ಳೆಯ ಪ್ರಶ್ನೆ. ಹುಡುಗನಿಗೂ ಹಾಗೇ ಅನ್ನಿಸಿತು.

"ನಿಮ್ಮ ಇನ್ನೊಂದು ಹೊಲದಾಗ ನೆಟೆ ಬೀಳ್ತದಂತ ಹಾದ್ಯಾಗ ಈ ಅಕ್ಕಾರ ಅಂದ್ರು. ಆ ಸತ್ತ ಗಿಡದ ಬುಡ ಬೇರು ಎಲ್ಲಿ ಚೆಲ್ತೀರಿ?"

"ತಿಪ್ಪಿಗಿ" ಎಂದಳು ಅತ್ತೆ ಹೆಮ್ಮೆಯಿಂದ. "ನಮ್ಮನ್ಯಾಗ ಏನೂ ಹಾಳು ಮಾಡಂಗಿಲ್ಲ."

"ಆ ತಿಪ್ಪಿ ಗೊಬ್ಬರ ಯಾವ ಹೊಲಕ್ಕ ಹಾಕಿದ್ರಿ?"

ಅತ್ತೆ ತನ್ನ ಕಾಲ ಕೆಳಗಿನ ಮಣ್ಣು ನೋಡಿದಳು. ಹುಡುಗ ಮೈದುನನ ಕಡೆ ತಿರುಗಿ, ಗುಂಪಿ ಎಲ್ಲೆಲ್ಲಿ ಸುರಿದಿದ್ದಿ ತೋರಿಸು ಎಂದ. ನನ್ನ ಮೈದುನ ಜೀವಮಾನದಲ್ಲಿ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದರೆ ಅದು ಅವತ್ತಿನದು. ಬೆರಳು ಚಾಚಿ ತೋರಿಸುತ್ತ ಹೋದ: ಅಲ್ಲಿ, ಆ ಜಾಲಿಯ ನೇರಕ್ಕೆ, ಇಲ್ಲಿ, ಗದ್ದುಗೆಯ ಮಗ್ಗಲಿಗೆ. ಬೆರಳು ಹೋದ ಕಡೆಯೆಲ್ಲ ಒಣಗಿದ ತೊಗರಿ ದುಂಡಗೆ ನಿಂತಿತ್ತು. ಕೈಗುಣದ ಬೀಜವಾಗಿದ್ದರೆ ಸಾಲಿನುದ್ದಕ್ಕೂ ಸಾಯಬೇಕಿತ್ತು. ಸತ್ತದ್ದು ಬಂಡಿ ನಿಂತ ಕಡೆ. ಸೊಸೆಯ ಮೊದಲ ಹಿಡಿಗೆ ಬಂಗಾರ ಬೆಳೆಯಲಿ ಎಂದು ಅತ್ತೆ ತಾನೇ ನಿಂತು ಹೇರಿಸಿದ ಗೊಬ್ಬರದ ಕೆಳಗೆ.

"ಕಿತ್ತ ಗಿಡ ಸುಟ್ಟು ಬಿಡಬೇಕ್ರಿ" ಎಂದ ಹುಡುಗ. "ಈ ಹೊಲಕ್ಕ ಇನ್ನ ಮೂರ್ನಾಲ್ಕು ವರ್ಷ ಜ್ವಾಳ ಹಾಕ್ರಿ, ಜ್ವಾಳದ ಬೇರಿನ ರಸ ಇದಕ್ಕ ಆಗಿಬರಂಗಿಲ್ಲ. ನೆಟೆ ತಡಿಯೋ ತೊಗರಿ ಬೀಜ ಬರಾಕತ್ಯಾವ, ಬಂದ ಕೂಡ್ಲೆ ಹೇಳ್ತೇನಿ."

ನನ್ನ ನಾಲಿಗೆ ತುದಿಯಲ್ಲಿ ಎಷ್ಟು ಮಾತು ಕುಣಿಯುತ್ತಿದ್ದವು ಎಂದು ನನಗೊಬ್ಬಳಿಗೇ ಗೊತ್ತು. ಹಾಲಿನಿಂದ ಹಿಡಿದು ಬಣವೆಯವರೆಗೆ ಎಲ್ಲದರ ಬಾಕಿ ಅವತ್ತೇ ತೀರಿಸುವವಳಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬದುವಿನ ಮೇಲೆ ಕುಸಿದು ಕೂತಳು. ತಿಪ್ಪೆಯ ಮಾತಿಗೆ ಎಂದುಕೊಂಡೆ. ಅಲ್ಲ.

"ಸಾಹೇಬ್ರ" ಎಂದಳು. ದನಿ ಬೇರೆಯೇ ಆಗಿತ್ತು. "ಜ್ವಾಳದ ತೆನಿ ಕರ್ರಗಾಗ್ತದಲ್ಲ. ಕಾಳಿನಾಗ ಹಾಲಿನ ಬದ್ಲಿ ಕಾಡಿಗಿ. ಅದು ಯಾತಕ್ಕ ಬರ್ತದ?"

ಹುಡುಗನಿಗೆ ಗೊತ್ತಿದ್ದ ಪಾಠ. ಖುಷಿಯಿಂದ ಹೇಳಿದ. "ಅದು ಬ್ಯಾರೆ ಬೂಷ್ಟುರಿ. ಮಣ್ಣಾಗಲ್ಲ, ಬೀಜದ ಮ್ಯಾಲ ಕೂತು ಬರ್ತದ. ರಾಶಿ ಮಾಡುವಾಗ ಒಂದು ಕರಿ ತೆನಿ ಒಡೀತಂದ್ರ ಅದರ ಪುಡಿ ಎಲ್ಲಾ ಕಾಳಿಗಿ ಹತ್ತತದ. ಬಿತ್ತಿದ ಮ್ಯಾಲ ಮೊಳಕಿ ಮಣ್ಣು ಒಡದು ಹೊರಗ ಬರೂದ್ರಾಗ ಒಳಗ ಸೇರಿಬಿಡ್ತದ. ಗಿಡಾನೂ ಬೆಳೀತದ, ಅದೂ ಬೆಳೀತದ. ತೆನಿ ಬರೋತನ ಯಾರಿಗೂ ಗೊತ್ತಾಗಂಗಿಲ್ಲ."

"ಬಿತ್ತಿದಾಕಿ ಕೈಲೆ ಬರಂಗಿಲ್ಲೇನು?"

"ಕೈಲೆ ಹೆಂಗ ಬರ್ತದ ಯಮ್ಮಾ!" ಹುಡುಗ ನಕ್ಕುಬಿಟ್ಟ. "ಬಿತ್ತೋಕಿಂತ ಮೊದ್ಲ ಬೀಜಕ್ಕ ಒಂದೀಟು ಗಂಧಕದ ಪುಡಿ ತಿಕ್ಕಿದ್ರ ಸಾಕಾಗ್ತಿತ್ತು."

ಅತ್ತೆ ತನ್ನ ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡಳು.

"ನಾ ಬಂದ ವರ್ಷ ಜ್ವಾಳ ಕರ್ರಗಾಗಿತ್ತು" ಎಂದಳು. ನಮಗೆ ಹೇಳಿದ್ದಲ್ಲ, ಅಂಗೈಗೆ ಹೇಳಿದಂತಿತ್ತು. "ನಿಜಾಮನ ಕಾಲ. ಮೊದಲ ಹಿಡಿ ನಾನೇ ಹಾಕಿದ್ದೆ. ನನ್ನ ಕೈ ಅಂದ್ರು. ಬಸರಿ ಇದ್ದೆ, ಹಂಗೇ ತವರಿಗಿ ಅಟ್ಟಿದ್ರು. ಎರಡು ವರ್ಷ ಯಾರೂ ಕರಿಯಾಕ ಬರಲಿಲ್ಲ. ಚೊಚ್ಚಲ ಕೂಸು ಅಲ್ಲೇ ಹುಟ್ಟಿ ಅಲ್ಲೇ ಹೋತು, ಅದರಪ್ಪ ಅದರ ಮಾರಿ ನೋಡಲಿಲ್ಲ." ಅಂಗೈ ಮುಚ್ಚಿ ಮತ್ತೆ ಬಿಚ್ಚಿದಳು. "ಅದೂ ನನ್ನ ಕೈಲೇ ಹೋತಂತ ತಿಳಕೊಂಡಿದ್ದೆ. ಇಲ್ಲೀತನ ತಿಳಕೊಂಡಿದ್ದೆ. ಒಂದೀಟು ಗಂಧಕ ಇದ್ರ ಸಾಕಾಗ್ತಿತ್ತೇನು?"

ಗ್ರಾಮಸೇವಕನಿಗೆ ತಾನು ಏನು ತಪ್ಪು ಹೇಳಿದೆ ಎಂದೇ ತಿಳಿಯಲಿಲ್ಲ, ಚಾಕು ಮಡಿಚಿ ಜೇಬಿಗೆ ಹಾಕಿಕೊಂಡ. ನನ್ನ ಹತ್ತಿರ ಇದ್ದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಆ ಹೆಂಗಸಿನ ಮೇಲೆ ಅಷ್ಟು ವರ್ಷ ಸಾಕಿದ ಸಿಟ್ಟು ಇತ್ತಲ್ಲ, ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ನಿಂತೆ. ಅಯ್ಯೋ ಅನ್ನಿಸಿತು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಮಗನನ್ನು ನೋಡಿದಳು. "ಏನ್ ನೋಡಾಕತ್ತೀಲೇ ಮಂಗ್ಯಾ? ಮನಿಗಿ ಹೋಗು. ಆಕಿ ಟ್ರಂಕ್ ಒಳಗ ಇಡು. ನಾಳೆ ಬೀಗರು ಬರ್ತಾರ, ಹೋಳಿಗಿ ಮಾಡಸ್ತೇನಿ, ಉಂಡು ಹೋಗ್ಲಿ." ಅವನು ಓಡಿದ.

ಆಮೇಲೆ ಬದುವಿನಿಂದ ಏಳಲು ನೋಡಿದಳು, ಆಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ನೋಡಲಿಲ್ಲ. ಸಣ್ಣ ಸೊಸೆಯ ಕಡೆ ಕೈ ಚಾಚಿದಳು.

"ಕೈ ಕೊಡಬೇ."

ಹುಡುಗಿ ಸೆರಗಿನಿಂದ ಒಂದು ಕೈ ಹೊರತೆಗೆದು, ಸೀರೆಗೆ ಒರೆಸಿಕೊಂಡು, ಬೇಕೋ ಬೇಡವೋ ಎನ್ನುವ ಹಾಗೆ ತುದಿಬೆರಳು ಮುಂದೆ ಮಾಡಿದಳು.

"ಗಟ್ಟಿ ಹಿಡಿ" ಎಂದಳು ಅತ್ತೆ. "ಬಿದ್ದೇನು."